ಪದ ಎಲ್ಲಿಂದ ತರ್ತೀರಿ ಅಂತ ಕೇಳುವವರಿಗೆ

ಕಥೆ ಬರೆಯಲು ಶುರು ಮಾಡಿದವರು ನನ್ನನ್ನು ಜಾಸ್ತಿ ಕೇಳುವ ಪ್ರಶ್ನೆ ಇದು: "ಬರೆಯೋಕೆ ಕೂತರೆ ಪದಗಳೇ ಸಾಲಲ್ಲ. ಯಾವ ನಿಘಂಟು ಓದಬೇಕು?"

ನಿಘಂಟು ಆಮೇಲೆ. ಮೊದಲು ಒಂದು ಕಸುಬನ್ನು ಹತ್ತಿರದಿಂದ ನೋಡಿ.

ಮಂಡ್ಯದ ಕಡೆಯವರಾದರೆ ಆಲೆಮನೆಗೆ ಹೋಗಿ. ಸುಮ್ನೆ ಬಿಸಿ ಬೆಲ್ಲ ತಿಂದು ಬರಬೇಡಿ, ಅರ್ಧ ದಿನ ಕೂತುಕೊಳ್ಳಿ. ಗಾಣಕ್ಕೆ ಕಬ್ಬು ಕೊಡುವವರು ಯಾರು, ಕೊಪ್ಪರಿಗೆ ಮುಂದೆ ನಿಂತು ಪಾಕ ನೋಡುವವರು ಯಾರು, ಕಬ್ಬಿನ ಹಾಲು ಹಿಂಡಿದ ಮೇಲೆ ಉಳಿದ ಸಿಪ್ಪೆಯನ್ನು, ಅಂದರೆ ರಚ್ಚನ್ನು, ಒಣಗಿಸಿ ಒಲೆಗೆ ಹಾಕುವವರು ಯಾರು, ಅವರು ಒಬ್ಬರನ್ನೊಬ್ಬರು ಏನಂತ ಕೂಗುತ್ತಾರೆ, ಇದನ್ನೆಲ್ಲ ಕೇಳಿಸಿಕೊಳ್ಳಿ. ಗೊತ್ತಾಗದಿದ್ದರೆ "ಅಣ್ಣಾ, ಇದಕ್ಕೇನಂತೀರಾ?" ಅಂತ ಕೇಳಿ. ತಮ್ಮ ಕೆಲಸದ ಬಗ್ಗೆ ಕೇಳಿದರೆ ಬೇಜಾರು ಮಾಡಿಕೊಳ್ಳುವವರು ಕಡಿಮೆ.

ಇನ್ನು ಗದ್ದೆ. "ಗದ್ದೆ ಹಸಿರಾಗಿತ್ತು" ಅಂತ ಎಲ್ಲರೂ ಬರೆಯುತ್ತಾರೆ. ಯಾವಾಗಿನ ಹಸಿರು? ನಾಟಿಗೆ ಸಸಿ ಬೆಳೆಸುವ ಒಟ್ಲು ಬಿಟ್ಟಿದ್ದಾರಾ, ನಾಟಿ ಆಗಿ ಪೈರು ಬೇರು ಹಿಡಿದಿದೆಯಾ, ಒಳಗೆ ತೆನೆ ಮೂಡಿ ಹೊಡೆ ಕಟ್ಟಿದೆಯಾ, ಕಾಳಿಗೆ ಹಾಲು ತುಂಬುತ್ತಿದೆಯಾ? ಸರಿಯಾದ ಮಾತು ಒಂದು ಸಿಕ್ಕರೆ ತಿಂಗಳ ಹೆಸರು ಹೇಳುವುದೇ ಬೇಡ. ಕಥೆಯೂ ಅಲ್ಲೇ ಹುಟ್ಟಬಹುದು. ವಿಶ್ವೇಶ್ವರಯ್ಯ ನಾಲೆಗೆ ಕನ್ನಂಬಾಡಿ ಅಣೆಕಟ್ಟೆಯಿಂದ ನೀರು ಬಿಡುವುದು ತಡವಾದರೆ ನಾಟಿ ಮುಂದಕ್ಕೆ ಹೋಗುತ್ತದೆ, ಒಟ್ಲು ಅಲ್ಲೇ ಬಲಿತುಬಿಡುತ್ತದೆ, ಬಲಿತ ಪೈರು ನೆಟ್ಟರೆ ಬುಡದಲ್ಲಿ ಚೆನ್ನಾಗಿ ತೆಂಡೆ (ಹೊಸ ಕವಲು) ಒಡೆಯುವುದಿಲ್ಲ, ಇಳುವರಿ ಇಳಿಯುತ್ತದೆ. "ಒಟ್ಲು ಬಲಿತೋಯ್ತು" ಅಂತ ಮನೆಯ ಯಜಮಾನ ಜಗಲಿ ಮೇಲೆ ಕೂತು ಹೇಳಿದರೆ ಆ ವರ್ಷದ ಸಾಲ, ಮುಂದಕ್ಕೆ ಹೋದ ಮದುವೆ, ಎಲ್ಲವೂ ಆ ಎರಡು ಮಾತಿನ ಹಿಂದೆ ನಿಂತಿರುತ್ತದೆ. "ತೀವ್ರ ಸಂಕಷ್ಟ" ಅಂತ ಬರೆದರೆ ಇದ್ಯಾವುದೂ ಬರುವುದಿಲ್ಲ.

ಹೊಸಬರು ವರ್ಣನೆಯ ಪದಗಳನ್ನು ಹುಡುಕುತ್ತಾರೆ. ನಾನು ಕ್ರಿಯಾಪದ ಹುಡುಕಿ ಅನ್ನುತ್ತೇನೆ. ಹೂ ಬಿಡಿಸುತ್ತೇವೆ, ಹುಲ್ಲು ಕುಯ್ಯುತ್ತೇವೆ, ಕಳೆ ಕೀಳುತ್ತೇವೆ, ಕಬ್ಬು ಕಡಿಯುತ್ತೇವೆ. ಅವರೆಕಾಯಿ ಸುಲಿಯುತ್ತೇವೆ, ನೆನೆದ ಕಾಳು ಹಿತುಕುತ್ತೇವೆ. ಎಲ್ಲದಕ್ಕೂ "ತೆಗೆದಳು" ಅಂತ ಬರೆದರೆ ತಪ್ಪೇನಿಲ್ಲ, ಆದರೆ ಆ ಕೈ ಓದುಗರ ಕಣ್ಣಿಗೆ ಬೀಳಲ್ಲ. ಹಾಗಂತ "ಹೇಳಿದ" ಅನ್ನುವ ಒಳ್ಳೆಯ ಪದವನ್ನು ಬಿಟ್ಟು "ಉಸುರಿದ", "ಉಲಿದ" ಅಂತ ಬದಲಿಸುತ್ತಾ ಹೋಗಬೇಡಿ. ಮಾತು ನಡೆಯುವಾಗ "ಹೇಳಿದ" ಯಾರಿಗೂ ಅಡ್ಡ ಬರುವುದಿಲ್ಲ.

ನಿಘಂಟು ಬೇಡ ಅಂತಲ್ಲ. ಕೇಳಿಸಿಕೊಂಡು ಬಂದ ಪದವನ್ನು ಹಿಡಿದುಕೊಂಡು ನಿಘಂಟಿಗೆ ಹೋಗಿ. ಕನ್ನಡ ಸಾಹಿತ್ಯ ಪರಿಷತ್ತು 1970ರಿಂದ 1995ರವರೆಗೆ ತಂದ ನಿಘಂಟಿನ 8 ಸಂಪುಟಗಳಲ್ಲಿ ಅರ್ಥದ ಜೊತೆಗೆ ಶಾಸನ, ಕಾವ್ಯಗಳ ಪ್ರಯೋಗಗಳೂ ಇವೆ. ನಮ್ಮ ಅಜ್ಜಿಯ ಬಾಯಲ್ಲಿದ್ದ ಮಾತು ಹಳೆಗನ್ನಡದ ಸಾಲಿನಲ್ಲಿ ಕಂಡಾಗ ಆಗುವ ಖುಷಿಯೇ ಬೇರೆ. ಆ ಕೆಲಸದ ಮುಂದಾಳಾಗಿದ್ದ ಜಿ. ವೆಂಕಟಸುಬ್ಬಯ್ಯನವರು ಹುಟ್ಟಿದ್ದು ನಮ್ಮ ಶ್ರೀರಂಗಪಟ್ಟಣ ತಾಲ್ಲೂಕಿನಲ್ಲೇ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ಭಾರತವಾಣಿ ಜಾಲತಾಣದಲ್ಲಿ ಹಲವು ಪದಕೋಶಗಳು ಪುಕ್ಕಟೆಯಾಗಿ ಸಿಗುತ್ತವೆ, ನೋಡಿ.

ಒಂದು ಎಚ್ಚರಿಕೆ ಮಾತ್ರ ಇರಲಿ. ಸಿಕ್ಕ ಪದವನ್ನೆಲ್ಲ ಸಿಕ್ಕ ಪಾತ್ರದ ಬಾಯಿಗೆ ತುರುಕಬಾರದು. ಕುವೆಂಪುನಗರದಂಥ ಪಟ್ಟಣದ ಬಡಾವಣೆಯಲ್ಲಿ ಹುಟ್ಟಿ ಬೆಳೆದು ಸಾಫ್ಟ್‌ವೇರ್ ಕೆಲಸ ಮಾಡುವ ಹುಡುಗ ಒಟ್ಲು, ರಚ್ಚು ಅಂತ ಮಾತಾಡಿದರೆ ಅದಕ್ಕೊಂದು ಕಾರಣ ಕಥೆಯಲ್ಲಿರಬೇಕು, ಅಲ್ವಾ? ಅವನಿಗೆ ಅವನದೇ ಪದಗಳಿವೆ. ಅವನ್ನೂ ಇಷ್ಟೇ ಕಿವಿಗೊಟ್ಟು ಕೇಳಬೇಕು.

"ಧಾರವಾಡದವರಿಗೆ, ಮಂಗಳೂರಿನವರಿಗೆ ನಮ್ಮ ಪದ ಅರ್ಥ ಆಗುತ್ತಾ?" ಅಂತಲೂ ಕೇಳುತ್ತಾರೆ. ಪದದ ಪಕ್ಕದಲ್ಲೇ ಕೆಲಸ ಇಡಿ. "ಒಣಗಿದ ರಚ್ಚನ್ನು ತೆಕ್ಕೆ ತುಂಬ ತಬ್ಬಿ ತಂದು ಒಲೆಗೆ ನೂಕಿದ, ಕೊಪ್ಪರಿಗೆಯ ಹಾಲು ಉಕ್ಕಿತು" ಅಂತ ಬರೆದರೆ ಯಾವ ಊರಿನವರೂ ಅರ್ಥಕ್ಕಾಗಿ ನಿಮಗೆ ಫೋನ್ ಮಾಡುವುದಿಲ್ಲ.