ಮೂರು ಚೀಟಿ ಕದ್ದರೆ ಏನಾಗುತ್ತೆ ಸಾರ್?

ನಮ್ಮ ಎಂಟನೇ ಕ್ಲಾಸಿನಲ್ಲಿ ಈಗ ಇನ್ಸುಲಿನ್ ಕಾರ್ಖಾನೆಯ ಆಟ ನಡೆಯುತ್ತಿದೆ. ಇನ್ಸುಲಿನ್ ಅಂದರೆ ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಪ್ರೋಟೀನ್. ಬಂಡವಾಳ ಇಷ್ಟೇ: ಹಳೇ ಲಗ್ನಪತ್ರಿಕೆ ಕತ್ತರಿಸಿದ ಚೀಟಿ, ಜಾತ್ರೆಯಲ್ಲಿ ಕೊಂಡ ಪ್ಲಾಸ್ಟಿಕ್ ಮಣಿ, ಒಂದು ದಾರದುಂಡೆ.

ಪಾಠವನ್ನು ಆಟ ಮಾಡುತ್ತೇವೆಂದು ಪ್ರಶ್ನೆಗೆ ಹತ್ತು ಪಾಯಿಂಟ್ ಕೊಟ್ಟು ಅದನ್ನೇ ಗೇಮ್ ಅನ್ನುವುದು ನನಗೆ ಒಗ್ಗುವುದಿಲ್ಲ. ಅದೂ ಪರೀಕ್ಷೆಯೇ, ವೇಷ ಬೇರೆ. ಆಟದ ನಿಯಮವೇ ಜೀವಕೋಶದ ನಿಯಮವಾಗಿರಬೇಕು.

ಒಂದು ಚೀಟಿಗೆ ಒಂದಕ್ಷರ, ಇರುವುದು ನಾಲ್ಕೇ ಬಗೆ: ಎ, ಯು, ಜಿ, ಸಿ. ಜೀವಕೋಶ ಪ್ರೋಟೀನ್ ಕಟ್ಟುವಾಗ ಓದುವ ಆರ್‌ಎನ್‌ಎ, ಅಂದರೆ ಜೀನಿನ ನಕಲು, ಇದೇ ಅಕ್ಷರಗಳಲ್ಲಿರುತ್ತದೆ. ಮೂರು ಮೂರಾಗಿ ಓದಿ, ಗೋಡೆಯ ಪಟ್ಟಿ ನೋಡಿ, ಹೇಳಿದ ಬಣ್ಣದ ಮಣಿ ಪೋಣಿಸಬೇಕು. ಒಂದೊಂದು ಮಣಿಯೂ ಒಂದು ಅಮೈನೊ ಆಮ್ಲ, ಅಂದರೆ ಪ್ರೋಟೀನಿನ ಒಂದು ಕೊಂಡಿ. ಒಂದು ಸರಕ್ಕೆ 21 ಮಣಿ, ಇನ್ನೊಂದಕ್ಕೆ 30. ಸಿಸ್ಟೀನ್ ಎಂಬ ಅಮೈನೊ ಆಮ್ಲಕ್ಕೆ ಕೆಂಪು ಮಣಿ, ಎರಡೂ ಸರ ಸೇರಿ ಒಟ್ಟು ಆರು. ಎರಡೆರಡು ಕೆಂಪು ಮಣಿಗಳಿಗೆ ಗಂಟು ಹಾಕಿದಾಗಲೇ ಇನ್ಸುಲಿನ್ ಆಕಾರ ಬರುವುದು.

"ನಮ್ಮಜ್ಜಿ ಚುಚ್ಚಿಸ್ಕೊಳ್ಳೋದು ಇದೇನಾ ಸಾರ್?" ಅಂದಳು ಒಬ್ಬಳು. ಇದೇ ಕಣಮ್ಮಾ. ಮೊದಲು ಹಂದಿ, ದನಗಳ ಮೇದೋಜೀರಕ ಗ್ರಂಥಿಯಿಂದ ತೆಗೆಯುತ್ತಿದ್ದರು. 1978ರಲ್ಲಿ ಅಮೆರಿಕದ ಜೆನೆನ್‌ಟೆಕ್ ಕಂಪನಿ ಮತ್ತು ಸಿಟಿ ಆಫ್ ಹೋಪ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಇ. ಕೋಲಿ ಬ್ಯಾಕ್ಟೀರಿಯಾದ ಕೈಲಿ ಎರಡೂ ಸರಗಳನ್ನು ಬೇರೆ ಬೇರೆಯಾಗಿ ಮಾಡಿಸಿ, ಆಮೇಲೆ ಕೂಡಿಸಿದರು. 1982ರಲ್ಲಿ ಅದು ಔಷಧಿಯಾಗಿ ಒಪ್ಪಿಗೆ ಪಡೆಯಿತು.

ಆಟಕ್ಕೆ ರಂಗು ಬರುವುದು ಕಳ್ಳ ಬಂದಾಗ. ಅವನು ಸಾಲಿನಿಂದ ಒಂದು ಚೀಟಿ ಎಗರಿಸಬಹುದು. 30 ಮಣಿಯ ಸರಕ್ಕೆ ನಾನು ಮನುಷ್ಯರ ಜೀನಿನ ನಕಲಿನಲ್ಲಿರುವ ನಿಜವಾದ ಅಕ್ಷರಗಳನ್ನೇ ಬಳಸಿದ್ದೆ: ಯುಯುಯು, ಜಿಯುಜಿ, ಎಎಸಿ. ಅವುಗಳ ಮುಂದೆ 'ಶುರು' ಎಂಬ ಗುರುತಿಗೆ ಎಯುಜಿ ನಾನೇ ಸೇರಿಸಿದ್ದೆ. ಕಳ್ಳ ಯುಯುಯುದಿಂದ ಒಂದು 'ಯು' ಕದ್ದ. ಉಳಿದವು ಮುಂದಕ್ಕೆ ಸರಿದು ಯುಯುಜಿ, ಯುಜಿಎ ಆದವು. ಪಟ್ಟಿಯಲ್ಲಿ ಯುಜಿಎ ಎದುರು 'ನಿಲ್ಲು' ಎಂದಿದೆ! 30 ಮಣಿಯ ಸರ ಶುರುವಿನಲ್ಲೇ ಮುಗಿಯಿತು. "ಒಂದೇ ಚೀಟಿಗೆ ಇಷ್ಟಾ? ಮೋಸ ಸಾರ್!" ಅಂತ ಗಲಾಟೆಯೋ ಗಲಾಟೆ. ಪಕ್ಕದ ಕ್ಲಾಸಿನ ಮೇಡಂ ಬಂದು ಇಣುಕಿ ಹೋದರು.

ಅಷ್ಟರಲ್ಲಿ ಹಿಂದಿನ ಬೆಂಚಿನವನೊಬ್ಬ ಕೇಳಿದ: "ಒಂದರ ಬದಲು ಮೂರು ಕದ್ರೆ?" ಜಿಯುಜಿ ಪೂರ್ತಿ ತೆಗೆದ. ಒಂದು ಮಣಿ ಹೋಯಿತು, ಉಳಿದದ್ದೆಲ್ಲ ಸರಿಯಾಗಿತ್ತು. ಪಕ್ಕದ ಹುಡುಗಿ ಬಿಡಲಿಲ್ಲ. ಯುಯುಯುದ ಕೊನೆಯದೊಂದು, ಜಿಯುಜಿಯ ಮೊದಲೆರಡು ಎತ್ತಿಟ್ಟಳು. ಯುಯುಜಿ ಉಳಿಯಿತು: ಒಂದು ಮಣಿ ಕಮ್ಮಿ, ಒಂದರ ಬಣ್ಣ ಬೇರೆ, ಆಮೇಲಿಂದ ಎಲ್ಲ ಮೊದಲಿನಂತೆಯೇ. ಈಗ ಕಳ್ಳ ಮೂರರ ಲೆಕ್ಕದಲ್ಲಿ ಕದಿಯಕೂಡದು ಅಂತ ಕ್ಲಾಸೇ ನಿಯಮ ಮಾಡಿದೆ, ಆಟ ತುಂಬ ಸಲೀಸಾಗುತ್ತದಂತೆ.