ಆಟಿಯ ಹೊಳವಿನಲ್ಲಿ ಪಿಕಪ್ಪಿನ ಪೆಟ್ರೋಲ್ ಪಂಪು ಬದಲಿಸಿದ್ದು

ಆಟಿ ತಿಂಗಳ ಮಳೆಯ ನಡುವೆ ಅಡಕೆಗೆ ಎರಡನೇ ಮದ್ದು ಬಿಡುವ ಹೊತ್ತಿಗೇ ಪಕ್ಕದ ಮನೆಯ ಪಿಕಪ್ಪು ಕೈಕೊಟ್ಟಿತು. ಪೆಟ್ರೋಲ್ ಇಂಜಿನ್ನಿನ ಸಣ್ಣ ಗಾಡಿ. ಖಾಲಿ ಇದ್ದಾಗ ಓಡುತ್ತಿತ್ತು. ಮೈಲುತುತ್ತು, ಸುಣ್ಣ, ಎರಡು ಡ್ರಮ್ಮು ಹೇರಿಕೊಂಡು ಪೆರ್ಲದ ಕಡೆಯ ಚಡವು ಹತ್ತುವಾಗ ಮಾತ್ರ ಎಳೆತವೇ ಇಲ್ಲ. ಆಕ್ಸಿಲರೇಟರ್ ಒತ್ತಿದಷ್ಟೂ ಮುಗ್ಗರಿಸುವುದು, ಕಾಲು ಸಡಿಲಿಸಿದರೆ ಸ್ವಲ್ಪ ಚೇತರಿಸಿಕೊಳ್ಳುವುದು. ಕಡೆಗೆ ಚಡವಿನ ಮಧ್ಯೆ ನಿಂತೇ ಹೋಯಿತು. ಅರ್ಧ ಗಂಟೆ ತಣಿದ ಮೇಲೆ ಏನೂ ಆಗದ ಹಾಗೆ ಸ್ಟಾರ್ಟ್ ಆಯಿತು.

ಬಿಸಿಗೆ ನಿಲ್ಲುವುದು, ತಣಿದರೆ ಓಡುವುದು, ಹೇರಿದಾಗ ಮಾತ್ರ ಸೋಲುವುದು: ಈ ಮೂರೂ ಒಟ್ಟಿಗೆ ಬಂದರೆ ಟ್ಯಾಂಕಿನೊಳಗಿನ ಪಂಪಿನ ಮೇಲೆ ಸಂಶಯ ಬರಬೇಕು. ಹಾಗಂತ ಕೂಡಲೇ ಹೊಸ ಪಂಪು ತರಲು ಹೊರಡಬಾರದು. ಇಂಜಿನ್ ತಿರುಗುವುದನ್ನು ಗುರುತಿಸುವ ಕ್ರ್ಯಾಂಕ್ ಸೆನ್ಸರ್ ಕೆಟ್ಟರೂ ಬಿಸಿಗೆ ಗಾಡಿ ನಿಲ್ಲುತ್ತದೆ. ಫಿಲ್ಟರ್ ಕಟ್ಟಿದರೂ ಚಡವಿನಲ್ಲಿ ಸೋಲುತ್ತದೆ.

"ಕೀ ಆನ್ ಮಾಡು ಭಾವ, ಸೆಲ್ಫ್ ಹೊಡೆಯಬೇಡ" ಅಂದು ಟ್ಯಾಂಕಿಗೆ ಕಿವಿಗೊಟ್ಟೆವು. ಕೀ ತಿರುಗಿಸಿದ ಕೂಡಲೇ ಎರಡು ಸೆಕೆಂಡು ಗುಂಯ್ ಅಂತ ಸದ್ದು ಬಂದು ನಿಲ್ಲಬೇಕು. ಬಂತು, ಆದರೆ ಗೊಗ್ಗರು ಸದ್ದು. ಸದ್ದೇ ಬಾರದಿದ್ದರೆ ಮೊದಲು ಫ್ಯೂಸು ನೋಡಿ, ಆಮೇಲೆ ಪಂಪಿಗೆ ಕರೆಂಟು ಬಿಡುವ ಸಣ್ಣ ಸ್ವಿಚ್ಚಾದ ರಿಲೇ. ಅದೇ ನಂಬರಿನ ಹಾರ್ನ್ ರಿಲೇ ಪಕ್ಕದಲ್ಲಿದ್ದರೆ ಅದನ್ನೇ ಅದಲುಬದಲು ಮಾಡಿ ನೋಡಬಹುದು.

ಮುಂದಿನದು ಮಲ್ಟಿಮೀಟರಿನ ಕೆಲಸ. ಇದನ್ನು ಬಿಟ್ಟು ಪಂಪು ಬದಲಿಸುವವರೇ ಹೆಚ್ಚು, ಅವರಲ್ಲಿ ಎಷ್ಟೋ ಮಂದಿ ಆರು ತಿಂಗಳಿಗೆ ಮತ್ತೊಂದು ಪಂಪು ತರುತ್ತಾರೆ. ಕೀ ಆನ್ ಮಾಡಿದರೆ ಪಂಪು ಓಡುವುದು ಎರಡೇ ಸೆಕೆಂಡು, ಅಳೆಯಲು ಅದು ಸಾಲದು. ರಿಲೇ ಕಿತ್ತು ಅದರ 30 ಮತ್ತು 87ನೇ ತೂತುಗಳಿಗೆ ಫ್ಯೂಸೂ ಸ್ವಿಚ್ಚೂ ಇರುವ ವೈರು ಸಿಕ್ಕಿಸಿದರೆ ಪಂಪು ಸತತವಾಗಿ ಓಡುತ್ತದೆ. ಕನೆಕ್ಟರ್ ಕಳಚಿ ಅಳೆದರೆ ಸರಿಯಾದ ಲೆಕ್ಕ ಸಿಗುವುದಿಲ್ಲ. ಪಂಪು ಓಡುತ್ತಿರುವಾಗಲೇ ಕನೆಕ್ಟರಿನ ಹಿಂಬದಿಯಿಂದ ಪಿನ್ನು ಮುಟ್ಟಿಸಿ ಅಳೆಯಬೇಕು. ಬ್ಯಾಟರಿಯಲ್ಲಿ 12.4 ವೋಲ್ಟ್ ಇತ್ತು, ಪಂಪಿನ ಹತ್ತಿರ 10.5. ಸುಮಾರು ಎರಡು ವೋಲ್ಟ್ ದಾರಿಯಲ್ಲೇ ಸೋರಿಹೋಗಿತ್ತು. ಎಲ್ಲಿ ಅಂತ ತಿಳಿಯಲು ಪಂಪಿನ ಅರ್ತ್ ವೈರಿಗೂ ಬ್ಯಾಟರಿಯ ಮೈನಸ್ಸಿಗೂ ನಡುವೆ ಅಳೆದಾಗ 1.4 ತೋರಿಸಿತು. ಅಲ್ಲಿ 0.2ಕ್ಕಿಂತ ಹೆಚ್ಚು ಬರಬಾರದು.

ಅರ್ತ್ ಬೋಲ್ಟು ಚಾಸಿಗೆ ಕೂತ ಜಾಗವನ್ನು ಟಾರ್ಚ್ ಹಾಕಿ ನೋಡಿದರೆ ಬೋಲ್ಟಿನ ತಲೆ ಚೆನ್ನಾಗಿಯೇ ಇತ್ತು. ಬಿಚ್ಚಿದಾಗ ವಾಷರಿನ ಅಡಿಯಲ್ಲಿ ಕಪ್ಪು ಕೆಂಪು ಹೊಪ್ಪಳೆ, ಉಗುರಿನಲ್ಲಿ ಕೆರೆದರೆ ಪುಡಿಪುಡಿಯಾಗಿ ಉದುರುವಂಥದ್ದು. ಕುಂಬಳೆ, ಉಪ್ಪಳದ ಕಡಲ ಗಾಳಿಯಲ್ಲಿ ಓಡುವ ಗಾಡಿಗಳಿಗೆ ಇದು ತಪ್ಪಿದ್ದಲ್ಲ. ಉಪ್ಪುಕಾಗದದಲ್ಲಿ ಬೆಳ್ಳಗಾಗುವ ತನಕ ಉಜ್ಜಿ, ಬಿಗಿದು, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿದೆವು. ಪಂಪಿನ ಹತ್ತಿರ 11.8 ಬಂತು.

ಅಷ್ಟರಿಂದಲೇ ಸರಿಯಾಗಿದ್ದರೆ ಪಂಪು ಬಿಚ್ಚುವ ಅಗತ್ಯವೇ ಇರಲಿಲ್ಲ. ಇಂಜಿನ್ನಿಗೆ ಹೋಗುವ ಪೈಪಿಗೆ ಪ್ರೆಷರ್ ಗೇಜು ಹಾಕಿ ನೋಡಿದೆವು. ಇಂಥ ಇಂಜೆಕ್ಷನ್ ಗಾಡಿಗಳಲ್ಲಿ ಸಾಧಾರಣವಾಗಿ 3ರಿಂದ 4 ಬಾರ್ ಒತ್ತಡ ಇರುತ್ತದೆ. ನಿಮ್ಮ ಗಾಡಿಯದ್ದು ಎಷ್ಟೆಂದು ಅದರ ಮ್ಯಾನುಯಲ್ಲಿನಲ್ಲೇ ನೋಡಿಕೊಳ್ಳಬೇಕು. ಇಲ್ಲಿ ಎರಡು ಬಾರ್ ದಾಟಲಿಲ್ಲ, ಸ್ವಿಚ್ಚು ಆರಿಸಿದ ಕೂಡಲೇ ಮುಳ್ಳು ಸೊನ್ನೆಗೆ ಬಿತ್ತು. ಹಾಗೆ ಬೀಳುವುದೆಂದರೆ ಪಂಪಿನೊಳಗಿನ ವಾಲ್ವ್ ಪೆಟ್ರೋಲ್ ಹಿಡಿದಿಟ್ಟುಕೊಳ್ಳುತ್ತಿಲ್ಲ, ಅಥವಾ ಇಂಜೆಕ್ಟರ್ ಸೋರುತ್ತಿದೆ. ಸದ್ದು ಗೊಗ್ಗರು, ಒತ್ತಡ ಕಡಿಮೆ, ಫಿಲ್ಟರ್ ಹೊಸದು. ಇನ್ನು ಪಂಪಿಗೇ ಕೈ ಹಾಕಬೇಕು ಅಂತ ನಿಶ್ಚಯವಾಯಿತು.

ಪಂಪು ಯಾಕೆ ಸೋಲುತ್ತದೆ ಅನ್ನುವುದನ್ನು ಇಲ್ಲೇ ಹೇಳಬೇಕು. ಟ್ಯಾಂಕಿನೊಳಗಿನ ಮೋಟರಿಗೆ ತಣಿವು ಕೊಡುವುದು ಪೆಟ್ರೋಲೇ. ಎಣ್ಣೆ ಅದರ ಒಳಗಿನಿಂದ ಹರಿದು, ಸುತ್ತಲೂ ತುಂಬಿಕೊಂಡು ಬಿಸಿಯನ್ನು ಎಳೆದುಕೊಳ್ಳುತ್ತದೆ. ನಮ್ಮ ಕಾಸರಗೋಡಿನ ಗಡಿನಾಡಿನಲ್ಲಿ ಒಂದು ಅಭ್ಯಾಸ ಉಂಟು. ಕೇರಳದ ಬಂಕಿಗಿಂತ ಕರ್ನಾಟಕದಲ್ಲಿ ಪೆಟ್ರೋಲಿಗೆ ಬೆಲೆ ಕಡಿಮೆ, ಹಾಗಾಗಿ ರಿಸರ್ವಿನ ದೀಪ ಹೊತ್ತಿದ್ದರೂ ಅಡ್ಕಸ್ಥಳ, ಸಾರಡ್ಕ ದಾಟಿ ವಿಟ್ಲದ ಕಡೆ ಹೋಗುವಾಗಲೇ ಹಾಕಿಸುವುದು, ಇಲ್ಲವೇ ತಲಪಾಡಿ ದಾಟಿ. ಅಲ್ಲಿಯ ತನಕ ತಳದ ನಾಲ್ಕೈದು ಲೀಟರಿನಲ್ಲೇ ಓಡಾಟ. ಚಡವಿನಲ್ಲಿ ಆ ಎಣ್ಣೆ ಟ್ಯಾಂಕಿನ ಹಿಂಬದಿಗೆ ಸರಿಯುತ್ತದೆ, ಪಂಪು ಗಾಳಿ ಎಳೆಯುತ್ತದೆ, ಕಾಯುತ್ತದೆ, ಬ್ರಷ್ಷು ಸವೆಯುತ್ತದೆ. ಲೀಟರಿಗೆ ಉಳಿಯುವ ಕೆಲವೇ ರೂಪಾಯಿ ಒಂದು ಪಂಪಿನ ಬೆಲೆಯಷ್ಟಾಗಲು ಸಾವಿರಾರು ಲೀಟರು ಹಾಕಿಸಬೇಕು. ಗಡಿ ದಾಟಿ ಹಾಕಿಸುವುದು ತಪ್ಪೇನಲ್ಲ, ಟ್ಯಾಂಕು ಕಾಲು ಭಾಗಕ್ಕೆ ಇಳಿಯುವ ಮೊದಲೇ ಹಾಕಿಸಿಕೊಳ್ಳಬೇಕು ಅಷ್ಟೆ.

ಬೆಳಿಗ್ಗೆ ಹತ್ತಕ್ಕೆ ಮಳೆ ನಿಂತು ಹೊಳವಾಯಿತು. ಗಾಡಿಯನ್ನು ಶೆಡ್ಡಿನಿಂದ ಹೊರಗೆ ಅಂಗಳದ ಸಮತಟ್ಟು ಜಾಗಕ್ಕೆ ತಂದೆವು. ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಮೇಲೆ ಹೋಗದೆ ನೆಲ ಹಿಡಿದು ತಗ್ಗಿನ ಕಡೆ ನೀರಿನ ಹಾಗೆ ಹರಿಯುತ್ತದೆ. ನಮ್ಮ ಮನೆಗಳಲ್ಲಿ ಬಚ್ಚಲ ಒಲೆ ದಿನವಿಡೀ ಒಳಗೊಳಗೇ ಉರಿಯುತ್ತಿರುತ್ತದೆ, ಅಡಕೆ ಸಿಪ್ಪೆಯ ಕೆಂಡ ಆರಿದ ಹಾಗೆ ಕಂಡರೂ ಆರಿರುವುದಿಲ್ಲ. ಆ ಒಲೆಗೆ ನೀರು ಹೊಯ್ದು ಆರಿಸಿಯೇ ಟ್ಯಾಂಕು ಮುಟ್ಟಿದ್ದು. ಬಲ್ಬಿನ ಹ್ಯಾಂಡ್ ಲ್ಯಾಂಪ್ ಬೇಡ, ಎಲ್‌ಇಡಿ ಟಾರ್ಚ್ ಸಾಕು. ಪುಡಿಯ ಅಗ್ನಿಶಾಮಕ ಇಲ್ಲದಿದ್ದರೆ ಎರಡು ಬಕೆಟ್ ಮರಳು, ಒದ್ದೆ ಗೋಣಿ ಕೈಗೆಟಕುವಲ್ಲಿ ಇರಲಿ. ಪೆಟ್ರೋಲಿನ ಬೆಂಕಿಗೆ ನೀರು ಹೊಯ್ದರೆ ಅದು ಹರಡುತ್ತದೆ.

ಪೈಪಿನ ಒತ್ತಡ ಇಳಿಸಲು ಪಂಪಿನ ಫ್ಯೂಸು ಕಿತ್ತು ಇಂಜಿನ್ ತಾನಾಗಿ ನಿಲ್ಲುವ ತನಕ ಓಡಿಸಿ, ಆಮೇಲೆ ಎರಡು ಮೂರು ಸೆಕೆಂಡು ಸೆಲ್ಫ್ ಹೊಡೆದು ಬ್ಯಾಟರಿಯ ಮೈನಸ್ಸು ಕಳಚಿದೆವು. ಬಾಯಿಯಲ್ಲಿ ಪೈಪು ಎಳೆಯುವುದು ಬೇಡವೇ ಬೇಡ. ಎಣ್ಣೆ ಹಾಕುವ ದೊಡ್ಡ ರಬ್ಬರ್ ಪೈಪನ್ನು ಟ್ಯಾಂಕಿನ ಬದಿಯಲ್ಲಿ ಕಳಚಿ ಕೈಪಂಪಿನಲ್ಲಿ ತೆಗೆದೆವು, ಐದೂವರೆ ಲೀಟರು ಸಿಕ್ಕಿತು. ಕ್ಯಾನನ್ನು ನೆಲದ ಮೇಲೆ ಇಟ್ಟೇ ತುಂಬಿಸಬೇಕು, ಪ್ಲಾಸ್ಟಿಕ್ ಶೀಟಿನ ಮೇಲೋ ಗಾಡಿಯ ಬಾಡಿಯ ಮೇಲೋ ಇಟ್ಟರೆ ಸ್ಟಾಟಿಕ್ ಕಿಡಿಯ ಅಪಾಯ ಉಂಟು.

ಕೊನೆಯ ಒಂದು ಲೀಟರನ್ನು ಗಾಜಿನ ಬಾಟಲಿಗೆ ಹಾಕಿ ಜಗಲಿಯ ಮೇಲೆ ಅಲುಗಾಡದ ಹಾಗೆ ಇಟ್ಟೆವು. ಕಾಲು ಗಂಟೆಯಲ್ಲಿ ಬಾಟಲಿಯ ತಳದಲ್ಲಿ ಎರಡು ಬೆರಳು ದಪ್ಪಕ್ಕೆ ಮಬ್ಬು ಪದರ ನಿಂತಿತು, ಮೇಲೆ ತಿಳಿ ಪೆಟ್ರೋಲು, ನಡುವೆ ಗೆರೆ ಎಳೆದ ಹಾಗೆ. ಈಗಿನ ಪೆಟ್ರೋಲಿನಲ್ಲಿ 20 ಶೇಕಡದಷ್ಟು ಎಥನಾಲ್ ಇರುತ್ತದೆ. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ, ನೀರು ಹೆಚ್ಚಾದಾಗ ಅದನ್ನೂ ಕರೆದುಕೊಂಡು ಪೆಟ್ರೋಲಿನಿಂದ ಬೇರ್ಪಟ್ಟು ಕೆಳಗಿಳಿಯುತ್ತದೆ. ಆ ಪದರ ಬರೀ ನೀರಲ್ಲ, ನೀರೂ ಎಥನಾಲೂ ಕೂಡಿದ್ದು, ಪಂಪಿನ ಬಾಯಿ ಇರುವುದೂ ಅದೇ ತಳದಲ್ಲಿ. ಮಳೆಗಾಲದಲ್ಲಿ ಟ್ಯಾಂಕು ಖಾಲಿಯಾದಷ್ಟೂ ಒಳಗೆ ತೇವದ ಗಾಳಿ ಹೆಚ್ಚು. ಅದರ ಮೇಲೆ ಈ ಗಾಡಿಯ ಮುಚ್ಚಳದ ರಬ್ಬರೂ ಬಿರುಕು ಬಿಟ್ಟಿತ್ತು, ಅದನ್ನೂ ಬದಲಿಸಿದೆವು.

ಟ್ಯಾಂಕಿನ ಪಟ್ಟಿಯ ಬೋಲ್ಟುಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿದ್ದರಿಂದ ತುಂಡಾಗದೆ ಬಂದವು. ಚಕ್ರಗಳಿಗೆ ಕಲ್ಲು, ಚಾಸಿಗೆ ಸ್ಟ್ಯಾಂಡು. ಬರೀ ಜಾಕಿಯನ್ನು ನಂಬಿ ಗಾಡಿಯ ಅಡಿಗೆ ಹೋಗಬಾರದು. ಟ್ಯಾಂಕಿನ ಅಡಿಗೆ ಇನ್ನೊಂದು ಜಾಕಿ, ಅದರ ಮೇಲೆ ಅಗಲದ ಹಲಸಿನ ಹಲಗೆ. ಒಂದು ಗೇಣು ಇಳಿಸಿ ನಿಲ್ಲಿಸಿ ಕೈ ತೂರಿಸಿದರೆ ಕನೆಕ್ಟರೂ ಪೈಪುಗಳೂ ಸಿಗುತ್ತವೆ, ಅವನ್ನು ಕಳಚದೆ ಪೂರ್ತಿ ಇಳಿಸಿದರೆ ಪೈಪು ಹರಿಯುತ್ತದೆ. ಪೈಪಿನ ಕ್ಲಿಪ್ಪಿಗೆ ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ. ಕೆಂಪು ಮಣ್ಣು ಸಂದಿನಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಮೊದಲು ಬ್ರಷ್ಷಿನಲ್ಲಿ ಬಿಡಿಸಿ ಸ್ಪ್ರೇ ಹೊಡೆದು, ಪೈಪನ್ನು ಒಳಮುಖವಾಗಿ ಒತ್ತಿ ಸ್ವಲ್ಪ ತಿರುಗಿಸಿ, ಆಮೇಲೆ ಎರಡೂ ಕಿವಿ ಅದುಮಿ ಎಳೆದರೆ ಸಲೀಸಾಗಿ ಬರುತ್ತದೆ.

ಟ್ಯಾಂಕಿನ ನೆತ್ತಿಯ ಮೇಲೆ ಒಂದು ಅಂಗುಲ ಮಣ್ಣಿತ್ತು. ಪಂಪಿನ ರಿಂಗು ಬಿಚ್ಚುವ ಮೊದಲೇ ಅದನ್ನು ಪೂರ್ತಿ ತೆಗೆಯಬೇಕು, ಇಲ್ಲವಾದರೆ ಎಲ್ಲಾ ಒಳಗೆ ಬೀಳುತ್ತದೆ. ಒಣ ಬ್ರಷ್ಷು, ಸೈಕಲ್ ಪಂಪಿನ ಗಾಳಿ, ಕಡೆಗೆ ಒದ್ದೆ ಬಟ್ಟೆ. ಪಂಪಿನ ಬಾಣದ ಗುರುತು ಯಾವ ಕಡೆ ಇದೆಯೆಂದು ಮಾರ್ಕರಿನಲ್ಲಿ ಗೆರೆ ಎಳೆದು, ಲಾಕ್ ರಿಂಗಿನ ಹಲ್ಲಿಗೆ ಹಿತ್ತಾಳೆಯ ಸರಳಿಟ್ಟು ಎಡಕ್ಕೆ ಮೆಲ್ಲ ಮೆಲ್ಲ ಬಡಿದೆವು. ಕಬ್ಬಿಣದ ಉಳಿ ಕಿಡಿ ಹಾರಿಸುತ್ತದೆ. ಪಂಪನ್ನು ನೆಟ್ಟಗೆ ಎಳೆಯಬಾರದು. ಓರೆ ಮಾಡಿ ತೆಗೆಯದಿದ್ದರೆ ಪೆಟ್ರೋಲಿನ ಮಟ್ಟ ಅಳೆಯುವ ಫ್ಲೋಟಿನ ತಂತಿ ಬಾಗಿ, ಆಮೇಲೆ ಪೆಟ್ರೋಲ್ ಗೇಜು ಸುಳ್ಳು ಹೇಳುತ್ತದೆ.

ತಳದ ಜಾಲರಿ ಬಿಳಿಯಾಗಿರಬೇಕಾದದ್ದು ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿತ್ತು, ಬೆರಳಿನಲ್ಲಿ ಒತ್ತಿದರೆ ಲೋಳೆ ಹತ್ತುತ್ತಿತ್ತು.

ಬರೀ ಮೋಟರು ಬದಲಿಸಬಹುದು, ಅಥವಾ ಮೋಟರು, ಜಾಲರಿ, ಒತ್ತಡ ಹದದಲ್ಲಿಡುವ ರೆಗ್ಯುಲೇಟರ್, ಫ್ಲೋಟ್ ಎಲ್ಲಾ ಸೇರಿದ ಪೂರ್ತಿ ಸೆಟ್ಟೇ ಹಾಕಬಹುದು. ಸೆಟ್ಟಿಗೆ ಬೆಲೆ ಹಲವು ಪಟ್ಟು. ಇಲ್ಲಿ ಫ್ಲೋಟೂ ಪ್ಲಾಸ್ಟಿಕ್ ಕಿವಿಗಳೂ ಚೆನ್ನಾಗಿದ್ದವು, ಆದರೆ ರೆಗ್ಯುಲೇಟರಿನೊಳಗೂ ಅದೇ ಲೋಳೆ ಇದ್ದುದರಿಂದ ಸೆಟ್ಟೇ ಹಾಕಿದೆವು. ಬರೀ ಮೋಟರು ಹಾಕುವವರು ಜಾಲರಿಯನ್ನೂ ಹೊಸದೇ ಹಾಕಬೇಕು. ಒಳಗಿನ ತುಂಡು ಪೈಪಿಗೆ ಪೆಟ್ರೋಲಿನಲ್ಲಿ ಮುಳುಗಿರಲೆಂದೇ ಮಾಡಿದ ಜೆ30 ಆರ್10 ದರ್ಜೆಯದ್ದೇ ಬೇಕು. ಮೇಲಿನ ಪೈಪುಗಳಿಗೆ ಬಳಸುವ ಮಾಮೂಲಿ ರಬ್ಬರ್ ಒಳಭಾಗದಲ್ಲಿ ಮಾತ್ರ ಪೆಟ್ರೋಲ್ ತಡೆಯುತ್ತದೆ, ಮುಳುಗಿದರೆ ಹೊರಗಿನಿಂದ ಕರಗಿ ಉಬ್ಬಿ ಬಿರಿಯುತ್ತದೆ. ಗಟ್ಟಿ ನೈಲಾನ್ ಪೈಪು ಹತ್ತದಿದ್ದರೆ ಅದರ ತುದಿಯನ್ನು ಬಿಸಿನೀರಿನಲ್ಲಿ ಅದ್ದಿ, ಬೆಂಕಿಗೆ ಹಿಡಿಯಬೇಡಿ.

ಟ್ಯಾಂಕಿನೊಳಗನ್ನು ಎಳೆ ಬಿಡದ ಬಟ್ಟೆಯಲ್ಲಿ ಒರೆಸಿ, ಒಂದು ಲೀಟರು ಹೊಸ ಪೆಟ್ರೋಲಿನಲ್ಲಿ ಕುಲುಕಿ ಚೆಲ್ಲಿ, ಮತ್ತೊಮ್ಮೆ ಒರೆಸಿದೆವು. ಸೋರದ ಹಾಗೆ ಪಂಪಿನ ಸುತ್ತ ಕೂರುವ ರಬ್ಬರ್ ಬಳೆ, ಅಂದರೆ ಹಳೆಯ ಓ ರಿಂಗು, ಹೊರಗೆ ಬಂದ ಮೇಲೆ ಉಬ್ಬಿ ಅದರ ಸಾಲಿಗೇ ಕೂರುವುದಿಲ್ಲ, ಅದನ್ನು ಮತ್ತೆ ಹಾಕುವ ಯೋಚನೆಯೇ ಬೇಡ. ಹೊಸ ರಿಂಗಿಗೆ ಗ್ರೀಸು, ಸಿಲಿಕಾನ್ ಏನೂ ಹಚ್ಚದೆ ಬೆರಳ ತುದಿಯಷ್ಟು ಪೆಟ್ರೋಲ್ ಸವರಿ ಕೂರಿಸಿ, ಬಾಣ ಗೆರೆಗೆ ಬರುವ ಹಾಗೆ ಪಂಪು ಇಳಿಸಿ ಲಾಕ್ ರಿಂಗು ಬಿಗಿದೆವು. ಕನೆಕ್ಟರಿನ ಒಂದು ಪಿನ್ನಿನ ಸುತ್ತ ಪ್ಲಾಸ್ಟಿಕ್ ಕಂದಾಗಿ ಕರಗಿತ್ತು. ಸಡಿಲ ಸಂಪರ್ಕ ಕಾದರೆ ಹೀಗಾಗುತ್ತದೆ. ಹೊಸ ಪಂಪಿನ ಜೊತೆ ಬಂದ ವೈರಿನ ತುಂಡನ್ನೇ ಜೋಡಿಸಿದೆವು.

ಟ್ಯಾಂಕು ಏರಿಸುವಾಗ ಗಾಳಿಯ ಸಣ್ಣ ಪೈಪು ಚಾಸಿನ ಮಧ್ಯೆ ಸಿಕ್ಕಿಬೀಳದ ಹಾಗೆ ಒಬ್ಬರು ಕೈ ಹಿಡಿದೇ ಇರಬೇಕು. ಅದು ಒತ್ತಿಹೋದರೆ ಟ್ಯಾಂಕಿನೊಳಗೆ ಗಾಳಿ ಬಾರದೆ, ಗಾಡಿ ಒಂದಷ್ಟು ಓಡಿ ನಿಲ್ಲುತ್ತದೆ. ಮುಚ್ಚಳ ತೆಗೆದಾಗ ಸುಯ್ ಅಂತ ಗಾಳಿ ಎಳೆದುಕೊಂಡರೆ ಕಾರಣ ಅದೇ.

ಹತ್ತು ಲೀಟರು ಹೊಸ ಪೆಟ್ರೋಲ್ ಹಾಕಿ, ಬ್ಯಾಟರಿ ಸಿಕ್ಕಿಸಿ, ಸೆಲ್ಫ್ ಹೊಡೆಯದೆ ಕೀಯನ್ನು ಎರಡು ಸೆಕೆಂಡು ಆನ್, ಹತ್ತು ಸೆಕೆಂಡು ಆಫ್, ಹೀಗೆ ನಾಲ್ಕು ಸಲ ಮಾಡಿದಾಗ ಪೈಪು ತುಂಬಿತು. ಪ್ರತಿ ಸಲವೂ ಒಣ ಕೈಯಲ್ಲಿ ಒಂದೊಂದು ಜೋಡಣೆ ಮುಟ್ಟಿ, ಮೂಸಿ ನೋಡಿದ ಮೇಲೆಯೇ ಇಂಜಿನ್ ಸ್ಟಾರ್ಟ್ ಮಾಡಿದ್ದು. ಗೇಜು 3.4 ಬಾರಿನಲ್ಲಿ ಅಲುಗದೆ ನಿಂತಿತು. ಆರಿಸಿ ಹತ್ತು ನಿಮಿಷ ಬಿಟ್ಟು ನೋಡಿದಾಗಲೂ ಮೂರರ ಹತ್ತಿರವೇ ಇತ್ತು.

ಸಂಜೆ ಎರಡು ಡ್ರಮ್ಮು ನೀರು ತುಂಬಿಸಿ ಅದೇ ಚಡವಿಗೆ ಹೋದೆವು, ಮೂರನೇ ಗೇರಿನಲ್ಲಿ ಮುಗ್ಗರಿಸದೆ ಹತ್ತಿತು. ರಾತ್ರಿ ಟ್ಯಾಂಕಿನ ಅಡಿಗೆ ಹಳೆಯ ಪೇಪರು ಹಾಸಿಟ್ಟು, ಬೆಳಿಗ್ಗೆ ಅದರ ಮೇಲೆ ತೊಟ್ಟೂ ಬಿದ್ದಿಲ್ಲವೆಂದು ನೋಡಿ, ಪಟ್ಟಿಯ ಬೋಲ್ಟುಗಳಿಗೆ ಇನ್ನೊಮ್ಮೆ ಸ್ಪ್ಯಾನರ್ ಹಾಕಿದೆವು. ಹೊಸದಾಗಿ ಬಿಗಿದ ಪಟ್ಟಿ ಮೊದಲ ದಿನದ ಓಡಾಟದಲ್ಲಿ ಸ್ವಲ್ಪ ಸಡಿಲ ಬಿಡುವುದುಂಟು.