ಒಡೆದದ್ದು ನಮ್ಮ ಲೆಕ್ಕಕ್ಕೆ

ಮೇಲಿನ ಮಹಡಿಯ ರಾಯರು ಭಾನುವಾರ ಬೆಳಿಗ್ಗೆ ಮರದ ಪೆಟ್ಟಿಗೆಯೊಂದನ್ನು ಎದೆಗವಚಿಕೊಂಡು ಬಂದು ಬಾಗಿಲು ತಟ್ಟಿದಾಗ ಅಮ್ಮ ಬಸಳೆ ಸೋಸುತ್ತಿದ್ದಳು. ಪೆಟ್ಟಿಗೆಯಲ್ಲಿ ಹತ್ತು ಸಿಗಾರ್. ಅಳಿಯ ಹವಾನಾದಿಂದ ತಂದುಕೊಟ್ಟದ್ದು. ತಿಂಗಳಿಗೊಂದು ಸೇದಬೇಕು ಎಂದು ಆಸೆಪಟ್ಟು ಇಟ್ಟುಕೊಂಡಿದ್ದರಂತೆ. ಈಗ ನೋಡಿದರೆ ಹತ್ತರಲ್ಲಿ ಒಂಬತ್ತರ ಹೊರ ಎಲೆ ಒಡೆದಿದೆ. ಕೆಲವಕ್ಕೆ ಕೂದಲೆಳೆಯಷ್ಟು ಬಿರುಕು, ಕೆಲವಕ್ಕೆ ಬುಡದಿಂದ ತುದಿಯ ತನಕ ಸೀಳು.

"ಅಮ್ಮ, ನೀವು ಬೀಡಿ ಕಟ್ಟಿದವರು ಎಂದು ಮೊನ್ನೆ ಲಿಫ್ಟಿನಲ್ಲಿ ಹೇಳಿದಿರಲ್ಲ, ಇದಕ್ಕೇನಾದರೂ ದಾರಿ ಇದೆಯೇ ನೋಡಿ" ಎಂದರು.

ರಾಯರು ಒಳ್ಳೆಯವರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಅವರ ಮೇಲೆ ನನಗೆ ಬಂದ ಸಿಟ್ಟನ್ನು ಓದಿ ಯಾರೂ ತಪ್ಪು ತಿಳಿಯಬಾರದು. ಈ ಕಟ್ಟಡದಲ್ಲಿ ಕಾವಲುಗಾರನ ಮಗಳ ಶಾಲೆಯ ಫೀಸನ್ನು ಯಾರಿಗೂ ಹೇಳದೆ ಕಟ್ಟುವವರು ಅವರೊಬ್ಬರೇ.

ಅಮ್ಮ ಕೈ ತೊಳೆದು, ಸೆರಗಿಗೆ ಚೆನ್ನಾಗಿ ಒರೆಸಿ, ಒಣಗಿತೆಂದು ಖಾತ್ರಿಯಾದ ಮೇಲೆಯೇ ಒಂದು ಸಿಗಾರ್ ಎತ್ತಿಕೊಂಡಳು. ಹನ್ನೊಂದನೆಯ ವಯಸ್ಸಿನಲ್ಲಿ ಮೊರ ತೊಡೆಯ ಮೇಲಿಟ್ಟುಕೊಂಡವಳು ಅರವತ್ತು ದಾಟಿದ ಮೇಲೆ ಇಳಿಸಿದ್ದು. ಆರು ವರ್ಷದಿಂದ ಎಲೆ ಮುಟ್ಟಿಲ್ಲ. ಆದರೆ ಹೆಬ್ಬೆರಳೂ ತೋರುಬೆರಳೂ ಒಂದನ್ನೊಂದು ಹುಡುಕಿಕೊಂಡ ರೀತಿ ನೋಡಿದರೆ ನಿನ್ನೆಯಷ್ಟೇ ಬಿಟ್ಟ ಹಾಗಿತ್ತು. ಸಿಗಾರನ್ನು ಕಿವಿಯ ಬಳಿ ತಂದು ಮೆಲ್ಲಗೆ ಒತ್ತಿದಳು. "ಒಳಗೆ ನೀರು ಕುಡಿದಿದೆ. ನೀರು ತೋರಿಸಿದಿರಾ?"

ತೋರಿಸಿದ್ದರು. ಮೂರು ತಿಂಗಳು ಪೆಟ್ಟಿಗೆಯನ್ನು ಎಸಿ ಕೋಣೆಯ ಶೋಕೇಸಿನಲ್ಲಿಟ್ಟಿದ್ದಾರೆ. ಬೆಂಗಳೂರಿನ ಬೇಸಿಗೆಯ ಒಣ ಗಾಳಿ ಬೇರೆ. ಇಲ್ಲಿಗೆ ಬಂದು ಎರಡು ವಾರದಲ್ಲಿ ಅಮ್ಮನ ಹಿಮ್ಮಡಿಯೇ ಒಡೆದಿತ್ತು. ಸಿಗಾರ್ ಒಣಗಿ ಗರಿಗರಿಯಾದದ್ದು ಕಂಡು ಗಾಬರಿಯಾಗಿ, ಒದ್ದೆ ಬಟ್ಟೆಯನ್ನು ಪೆಟ್ಟಿಗೆಯೊಳಗೆ ಹಾಕಿ ಮುಚ್ಚಳ ಮುಚ್ಚಿದ್ದಾರೆ. ಎರಡು ದಿನ ಬಿಟ್ಟು ತೆರೆದರೆ ಹೀಗೆ. ಸಿಗಾರಿನಲ್ಲಿ ಎಲೆ ಮೂರು ಬಗೆ: ಒಳಗೆ ತುಂಬುವುದು, ಅದನ್ನು ಬಿಗಿಯುವುದು, ಎಲ್ಲಕ್ಕೂ ಮೇಲೆ ಹೊದಿಸುವುದು. ಮೇಲಿನದೇ ಎಲ್ಲಕ್ಕಿಂತ ತೆಳು. ಒಳಗಿನ ಎಲೆ ಒಮ್ಮೆಲೇ ತೇವ ಹೀರಿ ಉಬ್ಬಿದರೆ ಒಣಗಿದ ಮೇಲಿನ ಎಲೆ ಹಿಗ್ಗಲಾರದೆ ಸೀಳುತ್ತದೆ. ನೂರಕ್ಕೆ 65ರಿಂದ 70ರಷ್ಟು ಆರ್ದ್ರತೆ ಒಂದೇ ಸಮನೆ ಇರಬೇಕು, ಒಣಗಿದ್ದಕ್ಕೆ ತೇವ ವಾರಗಟ್ಟಲೆ ನಿಧಾನವಾಗಿ ಮರಳಬೇಕು. ಇದೆಲ್ಲ ರಾಯರು ಆಮೇಲೆ ಓದಿಕೊಂಡದ್ದು.

ಅಮ್ಮ ಏನೂ ಓದದೆ ಹೇಳಿದಳು: "ಸುತ್ತುವ ಮೊದಲು ನೀರು. ಸುತ್ತಿದ ಮೇಲೆ ನೀರಿಲ್ಲ."

ನಮ್ಮ ಮನೆಯಲ್ಲಿ ಆ ನೀರಿನ ಲೆಕ್ಕ ಸಂಜೆಯೇ ಶುರುವಾಗುತ್ತಿತ್ತು. ಬೀಡಿ ಕಂಪನಿಯ ಬ್ರಾಂಚಿನಿಂದ ತೂಗಿ ತಂದ ಎಲೆಯ ಕಟ್ಟನ್ನು ನೀರಿನಲ್ಲಿ ಅದ್ದಿ, ಕೊಡವಿ, ಒದ್ದೆ ಗೋಣಿಯಲ್ಲಿ ಸುತ್ತಿಟ್ಟರೆ ಬೆಳಿಗ್ಗೆ ಕತ್ತರಿಗೆ ಬಗ್ಗುವ ಹದ. ಹೆಚ್ಚಾದರೆ ಬೂಸ್ಟು, ಕಡಿಮೆಯಾದರೆ ಪಟ್ಟೆಂದು ಮುರಿತ. ತುಳುವಿನಲ್ಲಿ ನಾವು ಬೀಡಿ ಎಲೆಯನ್ನು ಬರಿಯ 'ಇರೆ', ಅಂದರೆ ಎಲೆ, ಎನ್ನುತ್ತೇವೆ. ನಮ್ಮ ಬಂಟ್ವಾಳದ ಕಡೆ ಮನೆಮನೆಯಲ್ಲೂ ಬೀಡಿ ಕಟ್ಟಿದರೂ ಆ ಎಲೆ ಬರುವುದು ಮಧ್ಯಪ್ರದೇಶ, ಒಡಿಶಾಗಳ ಕಾಡಿನಿಂದ. ಅಲ್ಲಿ ಬೇಸಿಗೆಯಲ್ಲಿ ಕೊಯ್ದು ಬಿಸಿಲಿಗೆ ಒಣಗಿಸಿ ಮೂಟೆ ಕಟ್ಟಿದ್ದು ನಮ್ಮ ಜಗಲಿಗೆ ಬರುವಷ್ಟರಲ್ಲಿ ಎಷ್ಟೋ ಎಲೆಗೆ ತೂತು, ಎಷ್ಟೋ ಎಲೆಯ ಅಂಚು ಪುಡಿ. ಅದನ್ನೂ ತೂಕಕ್ಕೆ ಸೇರಿಸಿಯೇ ಕೊಡುತ್ತಿದ್ದರು.

ರಾಯರ ಸಿಗಾರಿಗೆ ಅಂಟು ಬೇಕಿತ್ತು. ಸಿಗಾರ್ ಸುತ್ತುವವರು ರುಚಿಯಿಲ್ಲದ ಸಸ್ಯದ ಅಂಟನ್ನು ಬಳಸುತ್ತಾರಂತೆ. ನಮ್ಮಲ್ಲಿದ್ದದ್ದು ಕುಚ್ಚಲಕ್ಕಿ ಗಂಜಿಯ ತಿಳಿ. ಅಮ್ಮ ಅದನ್ನೇ ಸ್ವಲ್ಪ ಬತ್ತಿಸಿ ಬಟ್ಟಲಿಗೆ ಹಾಕಿಕೊಂಡಳು. ಪೂರ್ತಿ ಸೀಳಿದ್ದ ಎರಡನ್ನು ಬೇರೆ ಇಟ್ಟು, ಅವುಗಳ ಮೇಲಿನ ಎಲೆಯನ್ನು ಸುರುಳಿ ಬಿಚ್ಚಿದ ಹಾಗೆ ಬಿಡಿಸಿದಳು. ಒಂದು ಚೂರನ್ನು ಅಂಗೈಯಲ್ಲಿಟ್ಟುಕೊಂಡು ಬಾಯಿಯ ಹಬೆ ಊದಿ, ಎರಡು ಬೆರಳಲ್ಲಿ ಹಿಡಿದು ಎಳೆದಳು. ಎಲೆ ಹಿಗ್ಗಿತು. ಬೀಡಿ ಎಲೆಗೆ ಆ ಗುಣವಿಲ್ಲ. ಅದು ಬಗ್ಗುತ್ತದೆ, ಹಿಗ್ಗುವುದಿಲ್ಲ. "ಇದೇನು, ರೇಷ್ಮೆ ಸೀರೆಯ ಹಾಗೆ" ಎಂದು ಅವಳು ಎಲೆಯನ್ನು ಕಿಟಕಿಯ ಬೆಳಕಿಗೆ ಹಿಡಿದಾಗ ಮುಖದಲ್ಲಿದ್ದದ್ದು ಅಪ್ಪಟ ಮೆಚ್ಚುಗೆ. ಇಂಥ ಎಲೆಗಾಗಿ ಗಿಡದ ಮೇಲೆ ಬಟ್ಟೆಯ ಚಪ್ಪರ ಹಾಕಿ ನೆರಳಲ್ಲಿ ಬೆಳೆಸುವುದೂ ಉಂಟು ಎಂದು ರಾಯರು ಹೇಳಿದರು. "ಹಾಕಲೇಬೇಕು" ಎಂದಳು, ಮಗುವಿನ ವಿಷಯ ಹೇಳುವವಳಂತೆ.

ಉಗುರು ಕತ್ತರಿಯಿಂದ ಬಿರುಕಿಗಿಂತ ತುಸು ದೊಡ್ಡ ತೇಪೆ. ಮೂಲದ ಸುತ್ತು ಯಾವ ಕಡೆ ತಿರುಗಿದೆಯೋ ತೇಪೆಯ ನರವೂ ಅದೇ ಕಡೆ. ಕಿರುಬೆರಳ ತುದಿಯಲ್ಲಿ ಗಂಜಿ ಸವರಿ, ಇಟ್ಟು, ಹೆಬ್ಬೆರಳಲ್ಲಿ ಒಮ್ಮೆ ನೀವಿದರೆ ಅಂಚು ಮಾಯ. ನಾನೂ ರಾಯರೂ ಉಸಿರು ಬಿಗಿಹಿಡಿದು ನೋಡಿದೆವು.

ಆಗಲೇ ರಾಯರು ಕೇಳಿದ್ದು. ಮಾತಿಗೆ ಮಾತು ಎಂಬಂತೆ, ಪ್ರೀತಿಯಿಂದಲೇ: "ನಿಮ್ಮ ಕೆಲಸದಲ್ಲಿ ಎಲೆ ಒಡೆದರೆ ಏನು ಮಾಡುತ್ತಿದ್ದಿರಿ ಅಮ್ಮ?"

ಅಮ್ಮ ತಲೆ ಎತ್ತಲಿಲ್ಲ. "ಒಡೆದದ್ದು ನಮ್ಮ ಲೆಕ್ಕಕ್ಕೆ" ಎಂದಳು.

ರಾಯರಿಗೆ ಅರ್ಥವಾದಂತೆ ಕಾಣಲಿಲ್ಲ. ಅವಳೂ ಬಿಡಿಸಿ ಹೇಳಲಿಲ್ಲ. ನನಗೆ ಮಾತ್ರ ನಮ್ಮೂರಿನ ಬ್ರಾಂಚಿನ ಕಟಕಟೆ, ಅದರಾಚೆ ಕುಳಿತ ಆ ಮನುಷ್ಯ, ಸಾಲಿನಲ್ಲಿ ನಿಂತ ಹೆಂಗಸರು ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದರು. ಅವನು ಕಟ್ಟಿನಿಂದ ಒಂದೊಂದು ಬೀಡಿ ಎತ್ತಿ ಬೆರಳ ನಡುವೆ ಉರುಳಿಸಿ, ಎಲೆಯಲ್ಲಿ ಸಣ್ಣ ಬಿರುಕು ಕಂಡರೆ ಪಕ್ಕದ ಬುಟ್ಟಿಗೆ ಎಸೆಯುತ್ತಿದ್ದ. ಎಸೆದ ಬೀಡಿಗೆ ಕೂಲಿಯಿಲ್ಲ. ಎಸೆದ ಬೀಡಿ ವಾಪಸೂ ಇಲ್ಲ. ಕೊಟ್ಟ ಎಲೆಯೇ ತೂತಾಗಿತ್ತು ಎಂದರೆ "ನೋಡಿ ತೆಗೆದುಕೊಳ್ಳಬೇಕಿತ್ತು" ಎನ್ನುತ್ತಿದ್ದ. ಹೇಳಿದ ಸಂಖ್ಯೆ ತುಂಬದಿದ್ದರೆ ಅಮ್ಮ ಪೇಟೆಯಿಂದ ತನ್ನ ದುಡ್ಡಿನಲ್ಲಿ ಎಲೆ ಕೊಂಡು ತಂದು ತುಂಬಿಸುತ್ತಿದ್ದಳು. ಕಂಪನಿಯ ಬೀಡಿಗೆ ನಮ್ಮ ದುಡ್ಡಿನ ಎಲೆ! ಆ ಮನುಷ್ಯ ಈಗ ಇದ್ದಾನೋ ಇಲ್ಲವೋ, ನಾನಂತೂ ಅವನನ್ನು ಕ್ಷಮಿಸಿಲ್ಲ.

ದೊಡ್ಡವಳಾಗಿ ನಗರಕ್ಕೆ ಬಂದ ಮೇಲೆ ಒಂದು ದಿನ ಆ ಕಾಯ್ದೆಯನ್ನು ಹುಡುಕಿ ಓದಿದ್ದೆ. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ. ಬೀಡಿಯೂ ಸಿಗಾರೂ ಹೆಸರಿನಲ್ಲೇ ಅಕ್ಕಪಕ್ಕ ಕುಳಿತಿವೆ. ಅದರ 39ನೇ ಕಲಮಿನಲ್ಲಿ ಕಚ್ಚಾಮಾಲು ಕೊಡುವ ಬಗ್ಗೆ, ಬೀಡಿ ತಿರಸ್ಕರಿಸುವ ಬಗ್ಗೆ, ತಿರಸ್ಕರಿಸಿದ ಬೀಡಿಯ ಕೂಲಿಯ ಬಗ್ಗೆ ತಕರಾರು ಬಂದರೆ ಸರ್ಕಾರ ಗೊತ್ತುಪಡಿಸಿದ ಅಧಿಕಾರಿ ಬೇಗನೆ ತೀರ್ಮಾನಿಸಬೇಕು ಎಂದಿತ್ತು. ಅಂದರೆ ಅಮ್ಮನ ಬುಟ್ಟಿಯ ವಿಷಯ ನಾನು ಹುಟ್ಟುವ ಮೊದಲೇ ದೆಹಲಿಗೆ ಗೊತ್ತಿತ್ತು. ಸಾಲಿನಲ್ಲಿ ನಿಂತಿದ್ದ ಒಬ್ಬ ಹೆಂಗಸಿಗೂ ಗೊತ್ತಿರಲಿಲ್ಲ. ಅವತ್ತು ರಾತ್ರಿ ನನಗೆ ಊಟ ಸೇರಿರಲಿಲ್ಲ.

ರಾಯರು ಇನ್ನೊಂದು ಸಂಗತಿ ಹೇಳಿದರು. ಹವಾನಾದ ಕಾರ್ಖಾನೆಗಳಲ್ಲಿ ಸಿಗಾರ್ ಸುತ್ತುವವರಿಗೆ ಪತ್ರಿಕೆ, ಕಾದಂಬರಿ ಓದಿ ಹೇಳಲೆಂದೇ ಒಬ್ಬರು ಇರುತ್ತಾರೆ, ಈ ಪದ್ಧತಿ 1865ರಿಂದ ಇದೆ ಎಂದು. ಅಮ್ಮ ನನ್ನ ಕಡೆ ತಿರುಗಿ ನಕ್ಕಳು. ನಮ್ಮ ಜಗಲಿಯಲ್ಲಿ ಐದಾರು ಹೆಂಗಸರು ಗೋಡೆಗೊರಗಿ ಬೀಡಿ ಕಟ್ಟುವಾಗ ಧಾರಾವಾಹಿ ಓದಿ ಹೇಳುತ್ತಿದ್ದವಳು ನಾನು. ಮುಂದಿನ ವಾರ ಏನಾಗುತ್ತದೆ ಎಂದು ಕೇಳಿ ಕೇಳಿ ಪೀಡಿಸುತ್ತಿದ್ದರು. ಕಣ್ಣು ನೂಲಿನ ಮೇಲೆ, ಕಿವಿ ನನ್ನ ಮೇಲೆ. ನನ್ನ ಓದಿನ ಗೀಳು ಹುಟ್ಟಿದ್ದು ಆ ತಂಬಾಕಿನ ಘಾಟಿನ ನಡುವೆ. ಆ ಘಾಟು ಅಮ್ಮನ ಎದೆಗೆ ಕೊಟ್ಟ ಕೆಮ್ಮು ಇನ್ನೂ ಹೋಗಿಲ್ಲ. ಬೀಡಿಯಾಗಲಿ ಸಿಗಾರಾಗಲಿ ಯಾರೂ ಸೇದಬೇಕೆಂದು ನನಗನ್ನಿಸುವುದಿಲ್ಲ. ಆದರೆ ಆ ಕೈಗಳ ಕೆಲಸದ ಬಗ್ಗೆ ನನಗಿರುವ ಗೌರವಕ್ಕೂ ಇದಕ್ಕೂ ಸಂಬಂಧವಿಲ್ಲ.

ಸಂಜೆಯ ಹೊತ್ತಿಗೆ ಕೆಲಸ ಮುಗಿಯಿತು. ರಾಯರು ಮತ್ತೆ ಇಳಿದು ಬಂದರು. ಅಮ್ಮ ಎಂಟು ಸಿಗಾರನ್ನು ಸ್ಟೀಲಿನ ತಟ್ಟೆಯಲ್ಲಿ ಸಾಲಾಗಿ ಜೋಡಿಸಿ, ಬುಡ ಒಂದೇ ನೇರಕ್ಕೆ ಬರುವಂತೆ ಅಂಗೈಯಿಂದ ತಟ್ಟಿ, ತಟ್ಟೆಯನ್ನು ಎರಡೂ ಕೈಯಲ್ಲಿ ಮುಂದೆ ಹಿಡಿದು ನಿಂತಳು. ರಾಯರು ಖುಷಿಯಿಂದ ಒಂದನ್ನು ಎತ್ತಿಕೊಂಡು, ಟ್ಯೂಬ್‌ಲೈಟಿನ ಕೆಳಗೆ ಬೆರಳ ನಡುವೆ ಉರುಳಿಸಿ ಉರುಳಿಸಿ ನೋಡಿದರು. ತೇಪೆ ಎಲ್ಲಿದೆ ಎಂದು ಹುಡುಕುತ್ತಿದ್ದರು, ಅಷ್ಟೇ. ಸಿಗಾರ್ ಸೇದುವ ಯಾರೇ ಆದರೂ ಹಾಗೆಯೇ ನೋಡುತ್ತಾರೆ. ಆದರೆ ಅಮ್ಮನ ಕಣ್ಣು ಅವರ ಬೆರಳ ಮೇಲೆ ನೆಟ್ಟದ್ದನ್ನು, ಅವಳ ಬೆನ್ನು ಸ್ವಲ್ಪ ಬಾಗಿದ್ದನ್ನು ನಾನು ನೋಡಿದೆ. ಅವರ ಕೈಯಿಂದ ಸಿಗಾರ್ ಕಿತ್ತುಕೊಂಡು "ನೋಡಬೇಡಿ, ಸರಿಯಾಗಿದೆ" ಎಂದು ಕೂಗಿಬಿಡಬೇಕು ಅನ್ನಿಸಿತು.

"ಎರಡು ಹೋಯಿತು" ಎಂದಳು ಅಮ್ಮ. "ಉಳಿಸಲು ಆಗಲಿಲ್ಲ. ಬೇಸರ ಮಾಡಿಕೊಳ್ಳಬೇಡಿ."

"ಅಯ್ಯೋ, ಅದಕ್ಕೇನು ಅಮ್ಮ" ಎಂದರು ರಾಯರು. ಕೈ ಮುಗಿದರು. ಹಣದ ಮಾತೆತ್ತಿ ಅವಮಾನ ಮಾಡಲಿಲ್ಲ, ಆ ಸೂಕ್ಷ್ಮ ಅವರಲ್ಲಿದೆ. ಅವರು ಮೆಟ್ಟಿಲು ಹತ್ತುವಾಗ ಅಮ್ಮ ಬಾಗಿಲಿನಿಂದ ಮತ್ತೊಮ್ಮೆ ಹೇಳಿದಳು, "ಆ ಎರಡರ ಎಲೆಯೇ ಬೇರೆಯದಕ್ಕೆ ಹಾಕಿದ್ದು, ಬಿಸಾಡಿದ್ದಲ್ಲ."

ರಾತ್ರಿ ನಾನು ಕೇಳಿಯೇಬಿಟ್ಟೆ. "ಅಮ್ಮ, ಒಡೆದದ್ದು ಅವರು. ನೀನು ಯಾಕೆ ಬೇಸರ ಮಾಡಬೇಡಿ ಎಂದು ಕೇಳಿಕೊಳ್ಳಬೇಕು?" ಅವಳು ಹಿಮ್ಮಡಿಗೆ ತೆಂಗಿನೆಣ್ಣೆ ಹಚ್ಚಿಕೊಳ್ಳುತ್ತಿದ್ದಳು. "ಹಾಗಲ್ಲ, ಹತ್ತು ಕೊಟ್ಟಿದ್ದರಲ್ಲ" ಎಂದಳು.

ಬುಧವಾರ ರಾತ್ರಿಯ ಬಸ್ಸಿಗೆ ಅವಳನ್ನು ಹತ್ತಿಸಿ ಬಂದೆ. ನಿನ್ನೆ ಊರಿನಿಂದ ಫೋನ್ ಮಾಡಿದಳು. ಬಾವಿಯ ನೀರು ತಳ ಕಂಡದ್ದು, ಪಕ್ಕದ ಮನೆಯ ಕೋಲ, ಕಾಳುಮೆಣಸಿನ ಧಾರಣೆ ಎಲ್ಲ ಹೇಳಿ ಮುಗಿಸಿ, ಇನ್ನೇನು ಇಡಬೇಕು ಎನ್ನುವಾಗ ಕೇಳಿದಳು.

"ಆ ಎರಡರ ಬಗ್ಗೆ ರಾಯರು ಏನಾದರೂ ಹೇಳಿದರಾ?"

"ಇಲ್ಲ ಅಮ್ಮ" ಎಂದೆ.

"ಹೌದಾ" ಎಂದಳು. ಸ್ವಲ್ಪ ಹೊತ್ತು ಫೋನ್ ಇಡಲಿಲ್ಲ.